ನಡೆಯಿರಿ ಎನ್ನುವವರು ಜೊತೆಗೆ ಬರಲಿ

ಮಾನ್ಯ ಸಂಪಾದಕರೇ,

ಖಿನ್ನತೆ, ಆತಂಕಗಳ ಕುರಿತು ಆರೋಗ್ಯ ಪುರವಣಿಗಳಲ್ಲಿ ಲೇಖನ ಬಂದಾಗಲೆಲ್ಲ ಪುಟದ ಮೂಲೆಯಲ್ಲೊಂದು ಬಣ್ಣದ ಚೌಕಟ್ಟು ಇರುತ್ತದೆ: ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಿರಿ, ಹಣ್ಣು ತರಕಾರಿ ಹೆಚ್ಚಾಗಿ ತಿನ್ನಿ, ಕಾಫಿ ಕಡಿಮೆ ಮಾಡಿ. ಅದರಲ್ಲಿ ಸುಳ್ಳಿಲ್ಲ. ಆದರೂ ಎರಡು ವರ್ಷ ಖಿನ್ನತೆಯಲ್ಲಿ ಕಳೆದ ನನಗೆ ಆ ಚೌಕಟ್ಟನ್ನು ಹರಿದು ಹಾಕುವಷ್ಟು ಸಿಟ್ಟು ಬಂದದ್ದುಂಟು. ಹಲ್ಲುಜ್ಜಲು ಎದ್ದು ಹೋಗುವುದೇ ಆಗದವನಿಗೆ ಬಿರುಸು ನಡಿಗೆಯ ಮಾತು ಹೇಳುವುದು, ಕಾಲು ಮುರಿದವನಿಗೆ ‘ಮೆಟ್ಟಿಲು ಹತ್ತಿ ಬಾ, ಮೇಲೆ ಪಟ್ಟಿ ಕಟ್ಟುತ್ತೇವೆ’ ಎಂದ ಹಾಗೆ.

ವ್ಯಾಯಾಮದಿಂದ ಪ್ರಯೋಜನವಿದೆ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ತಜ್ಞರು 1999ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಈ ವಿಷಯದಲ್ಲಿ ಎಲ್ಲರೂ ಉದಾಹರಿಸುತ್ತಾರೆ. ಖಿನ್ನತೆಯಿದ್ದ, ಐವತ್ತು ದಾಟಿದ 156 ಮಂದಿಯಲ್ಲಿ ಕೆಲವರಿಗೆ ವ್ಯಾಯಾಮ, ಕೆಲವರಿಗೆ ಮಾತ್ರೆ, ಉಳಿದವರಿಗೆ ಎರಡನ್ನೂ ಕೊಟ್ಟರು. 16 ವಾರಗಳ ಕೊನೆಗೆ ಮೂರು ಗುಂಪುಗಳೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಸುಧಾರಿಸಿದ್ದವು. ‘ಮಾತ್ರೆಗೆ ಸಮ ವ್ಯಾಯಾಮ’ ಎಂಬ ತಲೆಬರಹ ಹುಟ್ಟುವುದು ಇಲ್ಲಿಂದಲೇ. ಮೊದಲ ವಾರಗಳಲ್ಲಿ ಮಾತ್ರೆಯೇ ಬೇಗ ಫಲ ಕೊಟ್ಟಿತ್ತು ಎನ್ನುವುದು ತಲೆಬರಹಕ್ಕೆ ಹಿಡಿಸುವುದಿಲ್ಲ. ಆ ಜನರಿಗೆ ವಾರಕ್ಕೆ ಮೂರು ದಿನ ಗೊತ್ತುಪಡಿಸಿದ ಹೊತ್ತಿತ್ತು, ಜೊತೆಗೆ ಗುಂಪಿತ್ತು, ಮೇಲ್ವಿಚಾರಣೆಗೆ ತರಬೇತುದಾರರಿದ್ದರು. ‘ಹೋಗಿ ನಡೆಯಿರಿ’ ಎಂದು ಹೇಳಿ ಯಾರೂ ಕೈತೊಳೆದುಕೊಂಡಿರಲಿಲ್ಲ.

ಆಹಾರದ ಕಥೆಯೂ ಇದೇ. ಆಸ್ಟ್ರೇಲಿಯಾದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಊಟದ ಕ್ರಮ ಕೆಟ್ಟಿದ್ದ 67 ಖಿನ್ನತೆಯ ರೋಗಿಗಳಿದ್ದರು. ಅರ್ಧದಷ್ಟು ಜನರಿಗೆ ತರಕಾರಿ, ಬೇಳೆಕಾಳು, ಇಡಿ ಧಾನ್ಯ, ಮೀನು, ಆಲಿವ್ ಎಣ್ಣೆಯ ಊಟಕ್ಕೆ ಹೊಂದಿಕೊಳ್ಳಲು ನೆರವು ನೀಡಲಾಯಿತು. ಉಳಿದವರ ಜೊತೆ ಅಷ್ಟೇ ಸಲ ಒಬ್ಬರು ಕುಳಿತು ಸುಮ್ಮನೆ ಹರಟೆ ಹೊಡೆದರು. 12 ವಾರಗಳ ನಂತರ ಮೊದಲ ಗುಂಪಿನಲ್ಲಿ ಸುಮಾರು ಮೂರನೇ ಒಂದರಷ್ಟು ಜನ ಖಿನ್ನತೆಯಿಂದ ಹೊರಬಂದಿದ್ದರು. ಎರಡನೆಯದರಲ್ಲಿ ಶೇ 8ರಷ್ಟು ಮಾತ್ರ. ಪ್ರಯೋಗ ಚಿಕ್ಕದು, ತಾವೇನು ತಿನ್ನುತ್ತಿದ್ದೇವೆಂದು ತಿನ್ನುವವರಿಗೆ ಗೊತ್ತಿರುತ್ತದೆ, ಹಾಗಾಗಿ ಅಂಕಿಗಳನ್ನು ತುಸು ಎಚ್ಚರದಿಂದಲೇ ನೋಡಬೇಕು. ಆದರೆ ಅವರಲ್ಲಿ ಹೆಚ್ಚಿನವರು ಮೊದಲಿನಿಂದಲೂ ಬೇರೆ ಚಿಕಿತ್ಸೆಯಲ್ಲೇ ಇದ್ದರು, ಮೊದಲ ಗುಂಪಿನ ಪ್ರತಿಯೊಬ್ಬರ ಜೊತೆಗೂ ಆಹಾರ ತಜ್ಞರು ಏಳು ಸಲ ಕುಳಿತು ಮಾತನಾಡಿದ್ದರು. ಮೂಲೆಯ ಚೌಕಟ್ಟಿಗೆ ಬರುವಷ್ಟರಲ್ಲಿ ಇದೆಲ್ಲ ಸೋರಿಹೋಗಿ ‘ತರಕಾರಿ ತಿನ್ನಿ’ ಎಂಬುದಷ್ಟೇ ಉಳಿಯುತ್ತದೆ.

ಬಾಳೆಹಣ್ಣು ತಿಂದರೆ ಮಿದುಳಿನಲ್ಲಿ ಸಂದೇಶ ಸಾಗಿಸುವ ಸೆರೊಟೋನಿನ್ ಎಂಬ ರಾಸಾಯನಿಕ ಹೆಚ್ಚಿ ಮನಸ್ಸು ಅರಳುತ್ತದೆ ಎಂಬ ಸಂದೇಶ ನನ್ನ ಮೊಬೈಲಿಗೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಹಣ್ಣಿನಲ್ಲಿರುವ ಸೆರೊಟೋನಿನ್ ರಕ್ತದಿಂದ ಮಿದುಳಿಗೆ ದಾಟುವುದೇ ಇಲ್ಲ. ಹಣ್ಣು ತಿನ್ನಲಿ, ಹೊಟ್ಟೆಗೆ ಒಳ್ಳೆಯದು.

ಆತಂಕದ ಬಗ್ಗೆ ಮಾತ್ರ ಯಾರೂ ಹೇಳದ ಒಂದು ಮಾತಿದೆ. ಎದೆ ಹೊಡೆದುಕೊಳ್ಳುವುದು, ಉಸಿರು ಮೇಲೇರುವುದು, ಬೆವರುವುದು ಆತಂಕದ ಲಕ್ಷಣಗಳು; ಓಡಿದರೂ ಆಗುವುದು ಅವೇ. ಹಾಗಾಗಿ ಮೊದಲ ಸಲ ಮೆಟ್ಟಿಲು ಹತ್ತಿದಾಗ ನನಗೆ ಹಿತವೆನಿಸಲಿಲ್ಲ, ಸತ್ತೇ ಹೋಗುತ್ತೇನೆ ಅನ್ನಿಸಿತು. ನಿಧಾನವಾಗಿ, ದಿನವೂ ಸ್ವಲ್ಪ ಸ್ವಲ್ಪವೇ ಅಭ್ಯಾಸವಾದ ಮೇಲೆ, ಎದೆ ಹೊಡೆದುಕೊಂಡರೆ ಏನೂ ಆಗುವುದಿಲ್ಲ, ತಾನಾಗಿ ಇಳಿಯುತ್ತದೆ ಎಂದು ದೇಹವೇ ಕಲಿತುಕೊಂಡಿತು. ಕಾಫಿಯ ಬಗ್ಗೆ ಚೌಕಟ್ಟು ಹೇಳುವುದು ಸರಿ. ಸಂಜೆ ಕುಡಿದದ್ದರಲ್ಲಿ ಅರ್ಧದಷ್ಟು ಕೆಫೀನ್ ಐದಾರು ಗಂಟೆಯ ನಂತರವೂ ಮೈಯಲ್ಲೇ ಇರುತ್ತದೆ.

‘ಮಾತ್ರೆಗೆ ಸಮ ವ್ಯಾಯಾಮ’ ಎನ್ನುವಂತಹ ಬರಹವೊಂದನ್ನು ನಂಬಿ ನಾನೊಮ್ಮೆ ಮಾತ್ರೆಯನ್ನು ಏಕಾಏಕಿ ಬಿಟ್ಟೆ. ತಲೆಸುತ್ತು, ನಿದ್ದೆಯಿಲ್ಲದ ರಾತ್ರಿ, ತಲೆಯೊಳಗೆ ಕರೆಂಟು ಹೊಡೆದಂತಹ ಜುಮ್ಮು. ವೈದ್ಯರು ಬೈಯಲಿಲ್ಲ, ಮಾತ್ರೆಯನ್ನು ಮತ್ತೆ ಶುರುಮಾಡಿಸಿದರು, ಬಿಡುವುದಾದರೆ ತಿಂಗಳುಗಟ್ಟಲೆ ಹಂತಹಂತವಾಗಿ ಇಳಿಸೋಣ ಎಂದರು. ಥೈರಾಯ್ಡ್ ಮತ್ತು ಬಿ12 ಪರೀಕ್ಷೆಯನ್ನೂ ಬರೆದುಕೊಟ್ಟರು. ಇವುಗಳ ಕೊರತೆ ಖಿನ್ನತೆಯ ವೇಷದಲ್ಲಿ ಬರುವುದುಂಟಂತೆ.

ನನ್ನನ್ನು ಕೊನೆಗೂ ಹೊರಗೆ ಎಳೆದವಳು ಅಕ್ಕ. ಅವಳು ಉಪದೇಶ ಮಾಡಲಿಲ್ಲ. ಬೆಳಿಗ್ಗೆ ಬಂದು ಬಾಗಿಲಲ್ಲಿ ಚಪ್ಪಲಿ ಬಿಡದೆ ನಿಂತಳು. ಮೊದಲ ದಿನ ಗೇಟಿನವರೆಗೆ ಹೋಗಿ ವಾಪಸ್ ಬಂದೆವು, ಅಷ್ಟೇ. ನಾನು ಮಾತನಾಡಲಿಲ್ಲ, ಅವಳೂ ಮಾತನಾಡಿಸಲಿಲ್ಲ. ಮರುದಿನವೂ ಬಂದಳು. ಬೀದಿಯ ತಿರುವು ದಾಟಲು ನಮಗೆ ಮೂರು ವಾರ ಹಿಡಿಯಿತು. ಕೈಯಲ್ಲಿ ಊಟದ ಡಬ್ಬಿ ಇರುತ್ತಿತ್ತು. ಅದರಲ್ಲಿ ಎಷ್ಟು ತರಕಾರಿ ಇತ್ತೆಂದು ನಾನು ಎಣಿಸಿಲ್ಲ.

ಮುಂದಿನ ಸಲ ಆ ಚೌಕಟ್ಟನ್ನು ಅಚ್ಚು ಹಾಕುವಾಗ, ರೋಗಿಗೆ ಹೇಳುವ ಮಾತುಗಳ ಕೆಳಗೆ ಮನೆಯವರಿಗೂ ಒಂದು ಸಾಲು ಸೇರಿಸಲು ಸಾಧ್ಯವೇ ಎಂದು ಕೇಳುವುದಕ್ಕಾಗಿ ಈ ಪತ್ರ.

ಇತಿ,
ನಿಮ್ಮ ಓದುಗ
(ಹೆಸರು ಪ್ರಕಟಿಸದಂತೆ ಕೋರಿಕೆ)