ಆ ರಾತ್ರಿಯ ಮಾತುಗಳು ನನ್ನವಲ್ಲ ಮಗಳೇ

ಪ್ರೀತಿಯ ಮಗಳೇ,

ಮೊನ್ನೆ ನೀನು ಗೆಳತಿಯ ಜೊತೆ ಫೋನಲ್ಲಿ ಮಾತಾಡುತ್ತಿದ್ದೆ. ಬಾಗಿಲು ಅರ್ಧ ತೆರೆದಿತ್ತು, ಕಿವಿಗೆ ಬಿತ್ತು. "ನನಗಾಗ ಏಳು ವರ್ಷ ಕಣೇ. ಅಮ್ಮ ಏನೂ ಮುಚ್ಚಿಡಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಕ್ಯಾನ್ಸರ್ ಅಂತ ಹೇಳಿದಳು. ಎಷ್ಟು ಧೈರ್ಯ ಅಲ್ವಾ?" ಅಂದೆ. ಖುಷಿಯಾಯಿತು. ಅದರ ಹಿಂದೆಯೇ ಒಂದು ಅಳುಕೂ ಬಂತು. ಆ ಹೊಗಳಿಕೆಯಲ್ಲಿ ದೊಡ್ಡ ಪಾಲು ಬೇರೆಯವರದ್ದು. ಒಂಬತ್ತು ವರ್ಷದಿಂದ ನಿನಗೆ ಇದನ್ನು ಹೇಳಿಯೇ ಇಲ್ಲ.

ಎದೆಯಲ್ಲಿ ಗಡ್ಡೆ ಕೈಗೆ ಸಿಕ್ಕಿದ್ದು ಸ್ನಾನ ಮಾಡುವಾಗ. ನೋವಿರಲಿಲ್ಲ, ಅದಕ್ಕೇ ಎರಡು ತಿಂಗಳು ಸುಮ್ನೆ ಇದ್ದೆ. ನೀನು ಹಾಗೆ ಮಾಡಬೇಡ. ಗಡ್ಡೆಯ ಚೂರು ತೆಗೆದು ಪರೀಕ್ಷಿಸಿದ ಬಯಾಪ್ಸಿ ರಿಪೋರ್ಟ್ ಬಂದ ದಿನ ಮೊದಲು ನೋಡಿದ ಡಾಕ್ಟರ್ ಕಂಪ್ಯೂಟರ್ ಕಡೆ ಮುಖ ಮಾಡಿಕೊಂಡೇ ವಿಷಯ ಹೇಳಿಬಿಟ್ಟರು. ನಾನಿನ್ನೂ ತಪಾಸಣೆಯ ಮಂಚದ ಮೇಲಿದ್ದೆ, ಮೈಮೇಲೆ ಅರ್ಧ ಬಟ್ಟೆ. ಕ್ಯಾನ್ಸರ್ ಅನ್ನುವ ಮಾತಿಗಿಂತ, ಆ ಮಾತು ಕೇಳುವಾಗ ಬಟ್ಟೆ ಎಳೆದುಕೊಳ್ಳಲು ಪರದಾಡಿದ್ದೇ ಇವತ್ತಿಗೂ ಜಾಸ್ತಿ ಚುಚ್ಚುತ್ತದೆ.

ಆಮೇಲೆ ಸಿಕ್ಕವರು ನಿನಗೆ ಗೊತ್ತಿರುವ ಸರ್ಜನ್. ಪರೀಕ್ಷೆ ಮುಗಿದ ಮೇಲೆ ನನ್ನ ಗೌನಿನ ದಾರವನ್ನು ತಾವೇ ಕಟ್ಟಿದರು. "ಬಟ್ಟೆ ಹಾಕಿಕೊಳ್ಳಿ, ಆರಾಮಾಗಿ ಕೂತು ಮಾತಾಡೋಣ" ಅಂದು ಪರದೆ ಎಳೆದು ಹೊರಗೆ ಹೋದರು. ಅಷ್ಟೇ. ಆ ಎರಡು ನಿಮಿಷದಲ್ಲಿ ನಾನು ಮತ್ತೆ ಮನುಷ್ಯಳಾದೆ.

ಸ್ತನ ಪೂರ್ತಿ ತೆಗೆದುಬಿಡಿ, ನನ್ನ ಮಗಳಿಗೆ ನಾನು ಬದುಕಬೇಕು ಅಂತ ಅವರ ಹತ್ತಿರ ಹಟ ಹಿಡಿದಿದ್ದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಒಂದು ಹಾಳೆಯ ಹಿಂದೆ ಚಿತ್ರ ಬರೆದರು. ಹಿಂದೆಲ್ಲ ಪೂರ್ತಿ ತೆಗೆಯುವುದೇ ರೂಢಿಯಾಗಿತ್ತಂತೆ. ಅಮೆರಿಕದ ಬರ್ನಾರ್ಡ್ ಫಿಶರ್ ಅನ್ನುವ ಸರ್ಜನ್ ಅದು ನಿಜಕ್ಕೂ ಬೇಕಾ ಅಂತ ಕೇಳಿದರು. ಅವರ ಮುಂದಾಳತ್ವದಲ್ಲಿ 1976ರಲ್ಲಿ ಶುರುವಾದ ಅಧ್ಯಯನಕ್ಕೆ 1,800ಕ್ಕೂ ಹೆಚ್ಚು ಹೆಂಗಸರು ಸೇರಿದರು. ಗಡ್ಡೆ ಮಾತ್ರ ತೆಗೆಸಿ ರೇಡಿಯೇಷನ್ ತಗೊಂಡವರು, ಪೂರ್ತಿ ತೆಗೆಸಿದವರಷ್ಟೇ ಕಾಲ ಬದುಕುತ್ತಾರೆ ಅಂತ ಗೊತ್ತಾಯಿತು. ಇಪ್ಪತ್ತು ವರ್ಷ ಕಾದು ನೋಡಿ 2002ರಲ್ಲಿ ಮತ್ತೆ ಅದನ್ನೇ ಹೇಳಿದರು. "ಹೆದರಿಕೆಯಿಂದ ತೀರ್ಮಾನ ಮಾಡಬೇಡಿ. ಒಂದು ವಾರ ಯೋಚಿಸಿ ಬನ್ನಿ, ಒಂದು ವಾರದಲ್ಲಿ ಏನೂ ಕೆಡುವುದಿಲ್ಲ" ಅಂದರು. ಆ ಹಾಳೆ ಇನ್ನೂ ನನ್ನ ಫೈಲಿನಲ್ಲಿದೆ. ಆ ಅಧ್ಯಯನಕ್ಕೆ ಒಪ್ಪಿದ ಹೆಂಗಸರಿಗೆ ಕೊನೆಗೆ ಏನು ಗೊತ್ತಾಗುತ್ತದೆ ಅಂತ ಮೊದಲೇ ಗೊತ್ತಿರಲಿಲ್ಲ. ಅವರನ್ನೂ ನಾನು ಎಷ್ಟೋ ಸಲ ಮನಸ್ಸಲ್ಲೇ ನೆನೆಯುತ್ತೇನೆ.

ಆಪರೇಷನ್ ಸಲೀಸಾಗಿ ಆಯಿತು. ಇನ್ನು ಕೀಮೋ.

ಕೀಮೋ ಡಾಕ್ಟರ್ ಎಲ್ಲವನ್ನೂ ಮುಂಚೆಯೇ ಹೇಳುತ್ತಿದ್ದರು. ಕೆಂಪು ಔಷಧಿ ಕೊಟ್ಟ ಮೇಲೆ ಮೂತ್ರ ಕೆಂಪಾಗುತ್ತದೆ, ಅದು ರಕ್ತ ಅಲ್ಲ, ಗಾಬರಿಯಾಗಬೇಡಿ ಅಂದರು. ಕೂದಲು ಎರಡು ಮೂರು ವಾರದಲ್ಲಿ ಉದುರಲು ಶುರುವಾಗುತ್ತದೆ ಅಂದರು. ಬೇಗ ಬೇಗ ಬೆಳೆಯುವ ಜೀವಕೋಶಗಳನ್ನೆಲ್ಲ ಆ ಔಷಧಿ ಹೊಡೆಯುತ್ತದೆ, ಕೂದಲಿನ ಬುಡ ಅಂಥದ್ದೇ ಜಾಗ, ಅದಕ್ಕೇ ಹೀಗೆ ಅಂದರು. ಜ್ವರ 100.4 ಡಿಗ್ರಿ ಮುಟ್ಟಿದರೆ ನಡುರಾತ್ರಿಯಾದರೂ ಫೋನ್ ಮಾಡಿ ಅಂದರು. ಒಂದು ಸಲ ಮುಟ್ಟಿತು, ರಾತ್ರಿ ಎರಡು ಗಂಟೆಗೆ. ಫೋನ್ ಎತ್ತಿದರು. "ಒಳ್ಳೆ ಕೆಲಸ ಮಾಡಿದಿರಿ, ಈಗಲೇ ಹೊರಡಿ" ಅಂದರು. ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ ಪಾತಾಳಕ್ಕೆ ಇಳಿದಿತ್ತು. ಬೆಳಗಿನವರೆಗೂ ಕಾದಿದ್ದರೆ ಈ ಪತ್ರ ಬರೆಯಲು ನಾನಿರುತ್ತಿದ್ದೆನೋ ಇಲ್ಲವೋ.

ನಾಲ್ಕು ಸುತ್ತು ಆದ ಮೇಲೆ ಔಷಧಿ ಬದಲಾಯಿತು. ಬೆರಳ ತುದಿ ಜೋಮು ಹಿಡಿಯಿತು. ಪ್ರತಿ ಸಲವೂ ಅವರದ್ದು ಒಂದೇ ಪ್ರಶ್ನೆ: "ಮಗಳ ಯೂನಿಫಾರ್ಮಿನ ಗುಂಡಿ ಹಾಕೋಕೆ ಆಗ್ತಿದೆಯಾ?" ಆಗ್ತಿಲ್ಲ ಅಂದ ದಿನವೇ ಡೋಸ್ ಇಳಿಸಿದರು. ಆ ವಾರವೆಲ್ಲ ನೀನೇ ಗುಂಡಿ ಹಾಕಿಕೊಂಡು, ಒಂದು ಗುಂಡಿ ಮೇಲೆ ಕೆಳಗೆ ಮಾಡಿಕೊಂಡು ಸ್ಕೂಲಿಗೆ ಹೋಗಿದ್ದು ನೆನಪಿದೆಯಾ?

ಈಗ ಆ ರಾತ್ರಿಯ ವಿಷಯ. ಕೀಮೋ ಶುರುವಾಗುವ ಮುಂಚಿನ ದಿನ ಡಾಕ್ಟರ್, "ಮಗಳಿಗೆ ಏನು ಹೇಳಿದ್ದೀರಿ?" ಅಂತ ಕೇಳಿದರು. ಜ್ವರ ಅಂತ ಹೇಳಿದ್ದೇನೆ ಅಂದೆ. ಅವರು ಕುರ್ಚಿ ಎಳೆದುಕೊಂಡು ಹತ್ತಿರ ಕೂತರು. ಹೊರಗೆ ಜನ ಕಾಯುತ್ತಿದ್ದರು. "ಮಕ್ಕಳಿಗೆ ಏನೋ ಆಗಿದೆ ಅಂತ ಗೊತ್ತಾಗಿಯೇ ಆಗುತ್ತದೆ. ನಾವು ಹೇಳದಿದ್ದರೆ ತಮ್ಮಿಂದಲೇ ಆಯಿತು ಅಂದುಕೊಳ್ಳುತ್ತಾರೆ. ಮೂರು ಮಾತು ಹೇಳಿ. ಇದು ನಿನ್ನಿಂದ ಬಂದಿದ್ದಲ್ಲ. ಇದು ಅಂಟುವುದಿಲ್ಲ, ತಬ್ಬಿಕೊಳ್ಳಬಹುದು. ನಿನ್ನನ್ನು ನೋಡಿಕೊಳ್ಳಲು ಯಾರಾದರೂ ಇದ್ದೇ ಇರುತ್ತಾರೆ." ಆಮೇಲೆ ಸ್ವಲ್ಪ ತಡೆದು, "ಸಾಯ್ತೀಯಾ ಅಂತ ಕೇಳಬಹುದು. ಇಲ್ಲ ಅಂತ ಮಾತು ಕೊಡಬೇಡಿ. ಡಾಕ್ಟರು ಒಳ್ಳೆ ಔಷಧಿ ಕೊಡ್ತಿದ್ದಾರೆ, ನಿನಗೆ ಯಾವತ್ತೂ ಸುಳ್ಳು ಹೇಳಲ್ಲ ಅಂತ ಹೇಳಿ" ಅಂದರು. ನನ್ನ ಕೈಯಲ್ಲಿ ಆ ಮಾತುಗಳನ್ನು ಎರಡು ಸಲ ಹೇಳಿಸಿದರು. ಮೊದಲ ಸಲ ಅರ್ಧಕ್ಕೇ ಅತ್ತುಬಿಟ್ಟೆ. ಎರಡನೇ ಸಲ ಮುಗಿಸಿದೆ.

ರಾತ್ರಿ ನಿನಗೆ ಹೇಳಿದ್ದು ಅದನ್ನೇ, ಪದ ಪದವೂ ಅದೇ. ಮೊದಲ ಮಾತು ಮುಗಿಯುವ ಮುಂಚೆಯೇ ನೀನು ಕೇಳಿದೆ: "ಅವತ್ತು ಆಟ ಆಡುವಾಗ ನನ್ನ ಮೊಣಕೈ ನಿನಗೆ ಜೋರಾಗಿ ತಾಗಿತ್ತಲ್ಲ ಅಮ್ಮಾ, ಅದಕ್ಕಲ್ವಾ?" ಎಷ್ಟು ದಿನದಿಂದ ಅದನ್ನು ಎದೆಯಲ್ಲಿಟ್ಟುಕೊಂಡಿದ್ದೆಯೋ ಮಗಳೇ! ಡಾಕ್ಟರ್ ಆ ಮಾತು ಹೇಳಿಕೊಡದಿದ್ದರೆ ಆ ಪ್ರಶ್ನೆ ನಿನ್ನ ಬಾಯಿಗೇ ಬರುತ್ತಿರಲಿಲ್ಲ. ಸುಳ್ಳು ಹೇಳಿದ ನಾನು ಪಕ್ಕದಲ್ಲೇ ಮಲಗಿರುತ್ತಿದ್ದೆ, ನೀನು ಅದನ್ನು ಒಬ್ಬಳೇ ಹೊತ್ತುಕೊಂಡು ಬೆಳೆಯುತ್ತಿದ್ದೆ. ನನ್ನ ಜೀವ ಉಳಿಸಿದ್ದಕ್ಕೆ ಆ ಡಾಕ್ಟರಿಗೆ ಋಣಿ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಹೌದು, ಋಣಿಯೇ. ಆದರೆ ಈ ಋಣ ಅದಕ್ಕಿಂತ ದೊಡ್ಡದು.

ಮುಂದಿನ ಸಲ ಹೋದಾಗ ಮೊಣಕೈ ವಿಷಯ ಅವರಿಗೆ ಹೇಳಿದೆ. ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ಏನೂ ಮಾತಾಡಲಿಲ್ಲ. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡು ರಕ್ತದ ರಿಪೋರ್ಟ್ ನೋಡಿದರು. ಅವತ್ತಿನಿಂದ ಪ್ರತಿ ಭೇಟಿಯಲ್ಲೂ ಮೊದಲು ನಿನ್ನ ಬಗ್ಗೆ ಕೇಳುತ್ತಾರೆ, ಆಮೇಲೆ ನನ್ನ ಬಗ್ಗೆ.

ಕ್ಯಾನ್ಸರ್ ಮತ್ತೆ ಬರದಿರಲಿ ಅಂತ ತಗೊಳ್ಳುವ ಟಮಾಕ್ಸಿಫೆನ್ ಮಾತ್ರೆಗೆ ಇನ್ನೊಂದು ವರ್ಷ ಬಾಕಿ ಇದೆ. ಬರುವ ಮಂಗಳವಾರ ತಪಾಸಣೆ, ಬೆಳಗ್ಗೆ ಹನ್ನೊಂದಕ್ಕೆ. ನಿನಗೆ ರಜೆ ಇದೆಯಲ್ಲ, ನನ್ನ ಜೊತೆ ಬಾ. ಫೋನಲ್ಲಿ ಗೆಳತಿಗೆ ಹೇಳಿದ್ದನ್ನು ಅವರ ಮುಂದೆ ಒಂದು ಸಲ ಹೇಳು.

ನಿನ್ನ
ಅಮ್ಮ