ಗೆಳೆಯನಿಗೊಂದು ಪತ್ರ: ‘ಮತ್ತು ತಂಡ’ದಲ್ಲಿದ್ದ ಒಬ್ಬನ ಕಥೆ

ಪ್ರೀತಿಯ ಗೆಳೆಯಾ,

ಮೊನ್ನೆ ರಾತ್ರಿ ನೀನು ಫೋನಿನಲ್ಲಿ ಹೇಳಿದ ಮಾತು ತಲೆಯಿಂದ ಹೋಗುತ್ತಲೇ ಇಲ್ಲ. ಆಹ್ವಾನ ಪತ್ರಿಕೆಯಲ್ಲಿ ಹಾಡುವವರ ಹೆಸರು ದೊಡ್ಡ ಅಕ್ಷರದಲ್ಲಿ, ಅದರ ಕೆಳಗೆ ‘ಮತ್ತು ತಂಡ’ ಅಂತ ಎರಡೇ ಪದ. ಇಪ್ಪತ್ತೆರಡು ವರ್ಷ ಕೊಳಲು ನುಡಿಸಿದ ಮೇಲೂ ನಾನು ‘ಮತ್ತು ತಂಡ’ವೇ ಅಲ್ವಾ ಅಂತ ನೀನು ಕೇಳಿದೆ. ನಾನು ಏನೋ ಸಮಾಧಾನ ಹೇಳಿ ಫೋನ್ ಇಟ್ಟೆ. ಆಮೇಲೆ ನಿದ್ದೆ ಬರಲಿಲ್ಲ. ಫೋನಿನಲ್ಲಿ ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ. ಹಿಂದಿನ ಸಾಲಿನಲ್ಲಿ ಕೂತು ನುಡಿಸುವವರು ನಿನ್ನ ಹಾಗೆ ತುಂಬಾ ಜನ ಇದ್ದಾರೆ, ಅವರೂ ಓದಲಿ ಅಂತಲೇ ಎಲ್ಲರ ಮುಂದೆ ಹಾಕುತ್ತಿದ್ದೇನೆ.

ಮೈಸೂರಿನ ಹಾಸ್ಟೆಲ್ ನೆನಪಿದೆಯಾ? ಡೈರ್ ಸ್ಟ್ರೇಟ್ಸ್ ಎಂಬ ರಾಕ್ ತಂಡದ ಆ ಕ್ಯಾಸೆಟ್, ‘ಬ್ರದರ್ಸ್ ಇನ್ ಆರ್ಮ್ಸ್’. ಟೇಪ್ ಸವೆದು ಸವೆದು ಕೊನೆಗೆ ಪೆನ್ಸಿಲ್ ಹಾಕಿ ಸುತ್ತಿ ಕೇಳುತ್ತಿದ್ದೆವು. ಅದರಲ್ಲಿ ಒಂದು ಹಾಡಿನ ಶುರುವಿನಲ್ಲಿ ಸ್ಯಾಕ್ಸೋಫೋನ್ ಬರುತ್ತದಲ್ಲ, ಆ ತುಣುಕನ್ನು ನೀನು ಒಂದು ವಾರ ಪಟ್ಟು ಹಿಡಿದು ಕೊಳಲಿಗೆ ಇಳಿಸಿಕೊಂಡಿದ್ದೆ. ಕರೆಂಟ್ ಹೋದಾಗೆಲ್ಲ ತಾರಸಿಗೆ ಹೋಗಿ ನುಡಿಸುತ್ತಿದ್ದೆ. ಕೆಳಗಿನ ರೂಮಿನವರು ಕಿಟಕಿಯಿಂದ ‘ಇನ್ನೊಂದ್ಸಲ’ ಅಂತ ಕೂಗುತ್ತಿದ್ದರು. ಹಾಡಿನ ಸಾಲುಗಳು ನಮಗಾರಿಗೂ ಸರಿಯಾಗಿ ಬರುತ್ತಿರಲಿಲ್ಲ. ಆ ಸ್ಯಾಕ್ಸೋಫೋನ್ ಮಾತ್ರ ಎಲ್ಲರಿಗೂ ಬಾಯಿಪಾಠ.

ಅದನ್ನು ನುಡಿಸಿದವನು ಯಾರು ಅಂತ ಆಗ ನಾವು ಕೇಳಿಕೊಳ್ಳಲೇ ಇಲ್ಲ. ಅವನ ಹೆಸರು ಮೈಕಲ್ ಬ್ರೆಕರ್. ಅದಕ್ಕೂ ಮುಂಚೆ ಬರುವ ಟ್ರಂಪೆಟ್ ಅವನ ಅಣ್ಣ ರ‍್ಯಾಂಡಿಯದು. 1985ರಲ್ಲಿ ಬಂದ ಆ ಆಲ್ಬಂ ಜಗತ್ತಿನಲ್ಲಿ ಕೋಟಿಗಟ್ಟಲೆ ಮಾರಾಟವಾಯಿತು. ಅಂದರೆ ಕೋಟಿಗಟ್ಟಲೆ ಮನೆಗಳಲ್ಲಿ ಅವನ ಉಸಿರು ಇತ್ತು, ಅವನ ಹೆಸರು ಇರಲಿಲ್ಲ. ನಿನಗೆ ಹೇಳಬೇಕಾಗಿರುವುದು ಇವನ ಕಥೆಯನ್ನೇ.

ಹುಟ್ಟಿದ್ದು 1949ರ ಮಾರ್ಚ್‌ನಲ್ಲಿ, ಅಮೆರಿಕದ ಫಿಲಡೆಲ್ಫಿಯಾದಲ್ಲಿ. ಅಪ್ಪ ವಕೀಲ, ಆದರೆ ಮನೆಯಲ್ಲಿ ಪಿಯಾನೋ ನುಡಿಸುವ ಜಾಝ್ ಹುಚ್ಚಿನ ಮನುಷ್ಯ. ಇವನು ಮೊದಲು ಹಿಡಿದದ್ದು ಕ್ಲಾರಿನೆಟ್, ಆಮೇಲೆ ಆಲ್ಟೋ ಸ್ಯಾಕ್ಸೋಫೋನ್. ಜಾಝ್‌ನ ದೊಡ್ಡ ವಾದಕ ಜಾನ್ ಕೋಲ್ಟ್ರೇನ್ ನುಡಿಸಿದ್ದನ್ನು ಕೇಳಿದ ಮೇಲೆ ಆಲ್ಟೋಗಿಂತ ತಗ್ಗಿನ ದನಿಯ ಟೆನರ್ ಸ್ಯಾಕ್ಸೋಫೋನ್‌ಗೆ ಬಂದ, ಅಲ್ಲೇ ನಿಂತ. ನಮ್ಮ ಕದ್ರಿ ಗೋಪಾಲನಾಥರು ಹುಟ್ಟಿದ್ದೂ 1949ರಲ್ಲೇ ಕಣೋ, ಡಿಸೆಂಬರ್‌ನಲ್ಲಿ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಅದಕ್ಕೆ ಮನಸೋತವರು ಅವರು, ಕೋಲ್ಟ್ರೇನ್ ಕೇಳಿ ಮನಸೋತವನು ಇವನು. ಒಂದೇ ವಾದ್ಯ, ಒಂದೇ ವರ್ಷದ ಇಬ್ಬರು. ಒಬ್ಬರು ಅದರಲ್ಲಿ ಗಮಕ ತಂದರು, ಇನ್ನೊಬ್ಬ ಅದನ್ನು ಹಿಡಿದು ನ್ಯೂಯಾರ್ಕಿನ ಸ್ಟುಡಿಯೋಗಳಿಗೆ ಹೋದ. ಈ ಜೋಡಿ ನನಗೆ ಬಹಳ ಇಷ್ಟ, ಅದಕ್ಕೆ ನಡುವೆ ಹೇಳಿದೆ.

ನ್ಯೂಯಾರ್ಕಿಗೆ ಬಂದಾಗ ಅವನಿಗೆ ಇಪ್ಪತ್ತೋ ಇಪ್ಪತ್ತೊಂದೋ. ಆ ಕಾಲದಲ್ಲಿ ಅಲ್ಲಿ ಸ್ಟುಡಿಯೋ ಕೆಲಸ ಬಿಡುವಿಲ್ಲದಷ್ಟು ಇತ್ತು. ಒಂದೊಂದು ಸೆಷನ್ ಮೂರು ಗಂಟೆ ಹೊತ್ತಿನದು. ಹಾಡು ಆಗಲೇ ರೆಕಾರ್ಡ್ ಆಗಿರುತ್ತದೆ, ಡ್ರಮ್ಸು, ಗಿಟಾರು, ಕೆಲವು ಸಲ ಹಾಡುವವನ ದನಿ ಕೂಡ. ನೀನು ಹೆಡ್‌ಫೋನ್ ಹಾಕಿಕೊಂಡು ನಿಲ್ಲಬೇಕು, ಖಾಲಿ ಬಿಟ್ಟಿರುವ ಎಂಟು ಬಾರ್‌ಗಳಲ್ಲಿ, ಅಂದರೆ ನಮ್ಮ ತಾಳದ ಆವರ್ತದಂಥ ಎಂಟು ಸುತ್ತುಗಳಲ್ಲಿ, ಏನಾದರೂ ಹೇಳಬೇಕು. ಇದು ನಿನಗೆ ನಾನು ವಿವರಿಸಬೇಕಾದದ್ದೇ ಅಲ್ಲ. ಭಾವಗೀತೆಯ ಎರಡು ಚರಣಗಳ ನಡುವೆ ನಿನಗೆ ಸಿಗುವ ಜಾಗವೂ ಅಷ್ಟೇ ತಾನೆ?

1972ರಲ್ಲಿ, ಇಪ್ಪತ್ತಮೂರು ವರ್ಷದ ಹುಡುಗನಾಗಿ, ಗಾಯಕ ಜೇಮ್ಸ್ ಟೇಲರ್‌ನ ‘ಡೋಂಟ್ ಲೆಟ್ ಮಿ ಬಿ ಲೋನ್ಲಿ ಟುನೈಟ್’ ಹಾಡಿಗೆ ನುಡಿಸಿದ. ಸಣ್ಣ ಸೋಲೋ, ಒಬ್ಬನೇ ನುಡಿಸುವ ತುಣುಕು. ಅವನಿಗೆ ಆಗಲೇ ಎಷ್ಟು ವೇಗವಾಗಿ ನುಡಿಸಲು ಬರುತ್ತಿತ್ತು ಅಂದರೆ ಬೇಕಿದ್ದರೆ ಆ ಹಾಡನ್ನು ನುಂಗಿಹಾಕಬಹುದಿತ್ತು. ಹಾಗೆ ಮಾಡಲಿಲ್ಲ. ಟೇಲರ್ ತಗ್ಗಿದ ದನಿಯಲ್ಲಿ ಬೇಡಿಕೊಂಡಿದ್ದನ್ನು ಇವನೂ ತಗ್ಗಿದ ದನಿಯಲ್ಲೇ ಮುಂದುವರಿಸಿದ. ಮೂರು ವರ್ಷದ ನಂತರ, 1975ರಲ್ಲಿ, ಇನ್ನೊಬ್ಬ ಗಾಯಕ ಪಾಲ್ ಸೈಮನ್‌ನ ‘ಸ್ಟಿಲ್ ಕ್ರೇಜಿ ಆಫ್ಟರ್ ಆಲ್ ದೀಸ್ ಇಯರ್ಸ್’. ಇದನ್ನು ನೀನು ಇವತ್ತೇ ಕೇಳಬೇಕು. ನಡುವೆ ಸ್ಯಾಕ್ಸೋಫೋನ್ ಎದ್ದು ಬರುತ್ತದೆ, ಅದು ಮುಗಿದು ಕೊನೆಯ ಚರಣ ಶುರುವಾದಾಗ ಶ್ರುತಿಯೇ ಒಂದು ಮೆಟ್ಟಿಲು ಮೇಲೆ ಹೋಗಿರುತ್ತದೆ. ಹಾಡುವವನನ್ನು ಕೈ ಹಿಡಿದು ಆ ಮೇಲಿನ ಮನೆಗೆ ಬಿಟ್ಟು ತಾನು ಹಿಂದೆ ಸರಿದ ಹಾಗೆ ನನಗೆ ಪ್ರತಿ ಸಲ ಕೇಳಿಸುತ್ತದೆ. ಆ ಆಲ್ಬಂಗೆ ವರ್ಷದ ಅತ್ಯುತ್ತಮ ಆಲ್ಬಂ ಎಂಬ ಗ್ರ್ಯಾಮಿ ಪ್ರಶಸ್ತಿ ಬಂತು. ಮುಖಪುಟದಲ್ಲಿ ಇರುವುದು ಸೈಮನ್, ಸಹಜವೇ.

ಅದೇ 1975ರಲ್ಲೇ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್‌ನ ‘ಬಾರ್ನ್ ಟು ರನ್’ ಆಲ್ಬಂನಲ್ಲಿ ಗಾಳಿವಾದ್ಯಗಳ ಸಾಲಿನಲ್ಲಿ ಅವನಿದ್ದ. ಪಾರ್ಲಿಮೆಂಟ್ ಎಂಬ ಫಂಕ್ ತಂಡದ ಆಲ್ಬಂನಲ್ಲೂ ಇದ್ದ. 1976ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ರಾಕ್ ಸಂಗೀತಗಾರ ಫ್ರ್ಯಾಂಕ್ ಜಪ್ಪಾನ ಕಛೇರಿಗಳಲ್ಲಿ ನುಡಿಸಿದ. ಜಪ್ಪಾನ ಸ್ವರಪ್ರಸ್ತಾರ ನೋಡಿದರೇ ಎಂಥವರಿಗೂ ಬೆವರು ಬರುತ್ತದೆ. 1979ರಲ್ಲಿ ಗಾಯಕಿ ಜೋನಿ ಮಿಚೆಲ್ ಜೊತೆ ಊರೂರು ತಿರುಗಿದ, ಆ ತಂಡದಲ್ಲಿ ಬಾಸ್ ಗಿಟಾರಿಗೆ ಜಾಕೊ ಪಾಸ್ಟೋರಿಯಸ್, ಗಿಟಾರಿಗೆ ಪ್ಯಾಟ್ ಮೆಥೀನಿ. ಇದೆಲ್ಲದರ ನಡುವೆ ಹೊರೇಸ್ ಸಿಲ್ವರ್‌ನಂಥ ಹಿರಿಯರ ತಂಡದಲ್ಲಿ ಅಚ್ಚ ಜಾಝ್. ಅಣ್ಣನ ಜೊತೆ ಬ್ರೆಕರ್ ಬ್ರದರ್ಸ್ ಎಂಬ ತಂಡವನ್ನೂ ಕಟ್ಟಿದ. ಒಟ್ಟು ಅವನು ನುಡಿಸಿರುವ ಆಲ್ಬಂಗಳು 900ರ ಹತ್ತಿರ ಅಂತ ಲೆಕ್ಕ ಹಾಕುತ್ತಾರೆ. ಬೆಳಿಗ್ಗೆ ಒಂದು ಸ್ಟುಡಿಯೋ, ಮಧ್ಯಾಹ್ನ ಇನ್ನೊಂದು, ರಾತ್ರಿ ಕ್ಲಬ್ಬು.

ಇಷ್ಟು ವರ್ಷ ಆದರೂ ಅವನ ಹೆಸರಿನಲ್ಲೇ ಒಂದು ಆಲ್ಬಂ ಅಂತ ಇರಲಿಲ್ಲ. ಅದು ಬಂದದ್ದು 1987ರಲ್ಲಿ. ಅವನಿಗೆ ಆಗ ಮೂವತ್ತೆಂಟು! ಸ್ಯಾಕ್ಸೋಫೋನ್ ಕಲಿಯುವ ಹುಡುಗರೆಲ್ಲ ಅವನ ಸೋಲೋಗಳನ್ನು ಬರೆದುಕೊಂಡು ಅಭ್ಯಾಸ ಮಾಡಲು ಶುರು ಮಾಡಿ ಆಗಲೇ ಎಷ್ಟೋ ವರ್ಷ ಆಗಿತ್ತು. ನಡುವೆ ಕೆಟ್ಟ ದಿನಗಳೂ ಇದ್ದವು. ಹೆರಾಯಿನ್ ಚಟ ಅಂಟಿತ್ತು. 1980ರ ದಶಕದ ಶುರುವಿನಲ್ಲಿ ಚಿಕಿತ್ಸೆಗೆ ಸೇರಿ ಅದರಿಂದ ಹೊರಗೆ ಬಂದ. ಆಮೇಲೆ ಅದನ್ನು ಮುಚ್ಚಿಡಲಿಲ್ಲ, ಅದೇ ಚಟದಲ್ಲಿ ಸಿಕ್ಕಿಬಿದ್ದ ಬೇರೆ ಸಂಗೀತಗಾರರಿಗೆ ನೆರವಾಗುತ್ತಾ ಬಂದ. ಅವನ ಮೇಲೆ ನನಗೆ ಇರುವ ಗೌರವದಲ್ಲಿ ಅರ್ಧ ಇದಕ್ಕೇ.

ಆ ಮೊದಲ ಆಲ್ಬಂನಲ್ಲಿ ಯಾರು ಯಾರು ಇದ್ದರು ಗೊತ್ತಾ? ಗಿಟಾರಿಗೆ ಪ್ಯಾಟ್ ಮೆಥೀನಿ, ಬಾಸ್‌ಗೆ ಚಾರ್ಲಿ ಹೇಡನ್, ಡ್ರಮ್ಸಿಗೆ ಜ್ಯಾಕ್ ಡಿಜೊನೆಟ್. ಈ ಮೂವರ ಜೊತೆ ಅವನು 1980ರಲ್ಲಿ ನಾರ್ವೆಯ ಆಸ್ಲೋದಲ್ಲಿ ಒಂದು ಆಲ್ಬಂಗೆ ನುಡಿಸಿದ್ದ. ಆಗ ಅದು ಮೆಥೀನಿಯ ಆಲ್ಬಂ, ಇವನು ಪಕ್ಕದವನು. ಏಳು ವರ್ಷದ ನಂತರ ಅವರೇ ಬಂದು ಇವನ ಪಕ್ಕದಲ್ಲಿ ಕೂತರು. ಹೊಸ ವಾದ್ಯವೊಂದನ್ನೂ ಅವನು ಅದರಲ್ಲಿ ನುಡಿಸಿದ್ದಾನೆ, ಇವಿ ಅಂತಾರೆ. ನೈಲ್ ಸ್ಟೈನರ್ ಎಂಬ ಟ್ರಂಪೆಟ್ ವಾದಕ ಕಂಡುಹಿಡಿದದ್ದು. ಊದಿದ ಉಸಿರು ಅದರಲ್ಲಿ ಸಿಂಥಸೈಸರ್ ಸದ್ದಾಗಿ ಹೊರಗೆ ಬರುತ್ತದೆ. ನೀನು ಕೊಳಲಿನವನು, ನಿನಗೆ ಇದು ರುಚಿಸುತ್ತೋ ಇಲ್ಲವೋ. ನನಗೆ ಅವನ ಟೆನರೇ ಇಷ್ಟ.

ಈಗ ನಾನು ನಿನಗೆ ಮುಖ್ಯವಾಗಿ ಹೇಳಬೇಕಿರುವ ವಿಷಯಕ್ಕೆ ಬರುತ್ತೇನೆ. 2001ರಲ್ಲಿ ಅವನು ನಿಧಾನಗತಿಯ ಹಾಡುಗಳದ್ದೇ ಒಂದು ಆಲ್ಬಂ ಮಾಡಿದ. ಅದಕ್ಕೆ ಜೇಮ್ಸ್ ಟೇಲರ್‌ನನ್ನು ಕರೆದ. ಇಬ್ಬರೂ ಸೇರಿ ಮತ್ತೆ ಅದೇ 1972ರ ಹಾಡನ್ನು ರೆಕಾರ್ಡ್ ಮಾಡಿದರು. ಇಪ್ಪತ್ತೊಂಬತ್ತು ವರ್ಷ ಆಗಿತ್ತು. ಟೇಲರ್‌ನ ದನಿಗೂ ವಯಸ್ಸಾಗಿತ್ತು, ಇವನ ದನಿಗೂ. ಈ ಸಲ ಮುಖಪುಟದಲ್ಲಿ ಬ್ರೆಕರ್, ಅತಿಥಿ ಟೇಲರ್. ಆ ಹಾಡಿಗೆ ಗ್ರ್ಯಾಮಿಯೂ ಬಂತು, ಬಂದದ್ದು ಟೇಲರ್‌ನ ಹಾಡುಗಾರಿಕೆಗೆ. ತನ್ನದೇ ಆಲ್ಬಂನಲ್ಲಿ ಕೂಡ ಅವನು ಹಾಡುವವನಿಗೆ ಎಷ್ಟು ಜಾಗ ಬಿಟ್ಟಿದ್ದ ಅಂತ ಯೋಚನೆ ಮಾಡು. ಎರಡನ್ನೂ ಒಂದರ ಹಿಂದೆ ಒಂದು ಕೇಳಿದೆ ನಿನ್ನೆ ರಾತ್ರಿ. ಇಪ್ಪತ್ತಮೂರರ ಹುಡುಗ ಕಲಿತಿದ್ದನ್ನು ಐವತ್ತೆರಡರ ಮನುಷ್ಯ ಮರೆತಿಲ್ಲ. ಬೇರೆಯವರ ಹಾಡಿನಲ್ಲಿ ಕಲಿತದ್ದು ಅದು. ಅವನದೇ ಹೆಸರಿನ ಆಲ್ಬಂಗಳಲ್ಲಿ ಅವನು ಸುಮ್ಮನಿರುವ ಜಾಗಗಳಿವೆಯಲ್ಲ, ಆ ಒಂದೊಂದು ಜಾಗವನ್ನೂ ಅವನು ಯಾರದೋ ಸೆಷನ್ನಿನಲ್ಲಿ ಸಂಪಾದಿಸಿದ್ದು ಅಂತ ನನಗೆ ಅನ್ನಿಸುತ್ತದೆ.

ನಮ್ಮಲ್ಲಿ ಇದಕ್ಕೆ ಎಷ್ಟು ಚೆಂದದ ಹೆಸರಿದೆ ನೋಡು, ಪಕ್ಕವಾದ್ಯ. ಪಕ್ಕದಲ್ಲಿ ಇರುವುದು. ತಿರುಮಕೂಡಲಿನ ಚೌಡಯ್ಯನವರು ಎಂಥೆಂಥ ಹಾಡುಗಾರರಿಗೆ ಪಿಟೀಲು ನುಡಿಸಿದರು. ಮೈಕ್ ಇಲ್ಲದ ಕಾಲದಲ್ಲಿ ಹಿಂದೆ ಕೂತವರಿಗೆ ಪಿಟೀಲು ಕೇಳಿಸುತ್ತಿಲ್ಲ ಅಂತ ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ ಏಳು ಮಾಡಿಕೊಂಡರು. ಪಕ್ಕದಲ್ಲೇ ಕೂತು ಕೊನೆಯ ಸಾಲಿನವರ ತನಕ ತಲುಪಿದರು. ಬೆಂಗಳೂರಿನಲ್ಲಿ ಅವರ ಹೆಸರಿನ, ಪಿಟೀಲಿನ ಆಕಾರದ ಆ ಭವನದ ಮುಂದೆ ಹೋಗುವಾಗೆಲ್ಲ ನಿನ್ನ ನೆನಪಾಗುತ್ತದೆ, ನಿಜವಾಗಿ.

ಬ್ರೆಕರ್‌ನ ಕೊನೆ ಬೇಗ ಬಂತು. 2004ರಲ್ಲಿ ಜಪಾನಿನಲ್ಲಿ ಕಛೇರಿ ನಡೆಯುತ್ತಿರುವಾಗಲೇ ಬೆನ್ನಿನಲ್ಲಿ ಜೋರು ನೋವು ಬಂತು. ಪರೀಕ್ಷೆ ಮಾಡಿಸಿದರೆ ಮೂಳೆಯೊಳಗಿನ ಮಜ್ಜೆಯ ಕಾಯಿಲೆ. ಮಜ್ಜೆ ಸರಿಯಾದ ರಕ್ತಕಣಗಳನ್ನು ಮಾಡುವುದನ್ನೇ ನಿಲ್ಲಿಸುತ್ತಾ ಹೋಗುತ್ತದೆ. ಹೊಂದುವ ಇನ್ನೊಬ್ಬರ ಆಕರಕೋಶ (ರಕ್ತಕಣಗಳನ್ನು ಹುಟ್ಟಿಸುವ ಮೂಲ ಕೋಶ, ಸ್ಟೆಮ್ ಸೆಲ್) ಬೇಕು. ರಕ್ತದ ಗುಂಪು ನೋಡಿ ಹೊಂದಿಸುವಂಥದ್ದಲ್ಲ ಇದು, ವಂಶದಿಂದ ಬರುವ ಗುರುತುಗಳು ಹೊಂದಬೇಕು, ಆದ್ದರಿಂದ ಮೂಲ ಒಂದೇ ಇರುವ ಜನರಲ್ಲಿ ಸಿಗುವ ಸಾಧ್ಯತೆ ಜಾಸ್ತಿ. ಅವನದು ಯಹೂದಿ ಕುಟುಂಬ. ಆ ಸಮುದಾಯದವರ ನಡುವೆ, ಜಾಝ್ ಉತ್ಸವಗಳಲ್ಲಿ, ಜಗತ್ತಿನ ಎಲ್ಲ ಕಡೆ ಹುಡುಕಿದರು. ಪೂರ್ತಿ ಹೊಂದುವವರು ಒಬ್ಬರೂ ಸಿಗಲಿಲ್ಲ. ಕೊನೆಗೆ ಅರ್ಧ ಹೊಂದುವ ಮಗಳ ಕೋಶಗಳನ್ನೇ 2005ರ ಕೊನೆಯಲ್ಲಿ ಪ್ರಯೋಗವಾಗಿ ಹಾಕಿದರು. ಅವನ ಹುಡುಕಾಟದಲ್ಲಿ ಹೆಸರು ಬರೆಸಿದವರು ದಾನಿಗಳ ಪಟ್ಟಿಯಲ್ಲಿ ಉಳಿದರು, ಬೇರೆ ಯಾರದೋ ಕಾಯಿಲೆಗೆ ಆದರು. ನನ್ನ ಮಗಳು ಹೋದ ವರ್ಷ ಕಾಲೇಜಿನ ಶಿಬಿರದಲ್ಲಿ ಹತ್ತಿಕಡ್ಡಿಯಿಂದ ಕೆನ್ನೆಯ ಒಳಗೆ ಒರೆಸಿಕೊಟ್ಟು ಹೆಸರು ಬರೆಸಿ ಬಂದಾಗ ಅವಳಿಗೆ ಈ ಕಥೆ ಹೇಳಿದೆ. ನಿನ್ನ ಮಗನಿಗೂ ಹೇಳು, ಎರಡೇ ನಿಮಿಷದ ಕೆಲಸ.

2006ರ ಜೂನ್‌ನಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಪಿಯಾನೋ ವಾದಕ ಹರ್ಬಿ ಹ್ಯಾನ್‌ಕಾಕ್‌ನ ಕಛೇರಿ. ಮುಂಚೆ ಪ್ರಕಟಿಸದೆ ಬ್ರೆಕರ್ ವೇದಿಕೆಗೆ ಬಂದು ನುಡಿಸಿದ. ಅದೇ ಕೊನೆಯ ಕಛೇರಿ. ಆಗಸ್ಟ್‌ನಲ್ಲಿ ಸ್ಟುಡಿಯೋಗೆ ಹೋದ. ಹ್ಯಾನ್‌ಕಾಕ್, ಬ್ರ್ಯಾಡ್ ಮೆಲ್ಡೌ, ಮೆಥೀನಿ, ಜಾನ್ ಪಟಿಟೂಚಿ, ಡಿಜೊನೆಟ್, ಎಲ್ಲರೂ ಬಂದರು. ಒಂಬತ್ತು ರಚನೆಗಳು, ಒಂಬತ್ತೂ ಅವನವೇ. ಬೇರೆಯವರದ್ದು ಒಂದೂ ಇಲ್ಲ. ಇಷ್ಟು ಕಾಯಿಲೆ ಬಿದ್ದ ಮನುಷ್ಯ ಇಷ್ಟು ಉಸಿರು ಎಲ್ಲಿಂದ ತಂದ ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ. 2007ರ ಜನವರಿ 13ರಂದು ತೀರಿಕೊಂಡ, ಐವತ್ತೇಳು ವರ್ಷ. ಆಲ್ಬಂ ಬಂದದ್ದು ಅದೇ ವರ್ಷದ ಮೇ ತಿಂಗಳಲ್ಲಿ, ‘ಪಿಲ್‌ಗ್ರಿಮೇಜ್’ ಅಂತ. ಯಾತ್ರೆ.

ನಿನಗೆ ಒಂದು ವಿಷಯ ಇದುವರೆಗೆ ಹೇಳಿರಲಿಲ್ಲ. ನೀನು ಸುಮಾರು ಹತ್ತು ವರ್ಷದ ಹಿಂದೆ ನುಡಿಸಿದ ಆ ಭಾವಗೀತೆಗಳ ಸೀಡಿ ಇದೆಯಲ್ಲ, ಅಮ್ಮ ಅದನ್ನು ದಿನಾ ಕೇಳುತ್ತಿದ್ದಳು. ಈಗ ಅವಳಿಗೆ ಮರೆವು ಜಾಸ್ತಿಯಾಗಿದೆ. ಹಾಡಿನ ಸಾಲುಗಳು ಹೋಗಿವೆ, ಹಾಡಿದವರ ಹೆಸರೂ ಹೋಗಿದೆ. ಸಂಜೆ ಹೂ ಕಟ್ಟುತ್ತಾ ಕೂತಾಗ ಗುನುಗುವುದು ಎರಡನೆಯ ಚರಣಕ್ಕೆ ಮುಂಚೆ ಬರುವ ನಿನ್ನ ಕೊಳಲಿನ ತುಣುಕನ್ನು. ಅದು ಒಂದು ಸ್ವರವೂ ತಪ್ಪಿಲ್ಲ. ಮೊನ್ನೆ ಫೋನಿನಲ್ಲಿ ಇದನ್ನೇ ಹೇಳಬೇಕಿತ್ತು, ಗಂಟಲು ಕಟ್ಟಿತು.

ಆಹ್ವಾನ ಪತ್ರಿಕೆಯಲ್ಲಿ ಹೆಸರು ಹಾಕದಿದ್ದದ್ದು ತಪ್ಪೇ. ಅದನ್ನು ಸುಮ್ನೆ ಬಿಡಬೇಡ, ಮುಂದಿನ ಸಲ ಒಪ್ಪಿಕೊಳ್ಳುವಾಗಲೇ ತಂಡದ ಎಲ್ಲರ ಹೆಸರೂ ಬರಬೇಕು ಅಂತ ಕೇಳು, ತಬಲಾದವರದ್ದೂ, ಕೀಬೋರ್ಡಿನವರದ್ದೂ. ಆದರೆ ಕೊಳಲು ಬಿಡುತ್ತೇನೆ ಅಂದೆಯಲ್ಲ, ಆ ಮಾತನ್ನು ಇನ್ನೊಂದ್ಸಲ ಆಡಬೇಡ.

ಭಾನುವಾರ ಬಾ. ಆ ಹಳೆಯ ಕ್ಯಾಸೆಟ್ ಅಟ್ಟದ ಮೇಲೆ ಸಿಕ್ಕಿತು, ನುಡಿಸುವ ಯಂತ್ರ ಇಲ್ಲ ಅಷ್ಟೇ. ಒಳಗಿನ ಮಡಿಕೆಯ ಕಾಗದದಲ್ಲಿ ಚಿಕ್ಕ ಚಿಕ್ಕ ಅಕ್ಷರದಲ್ಲಿ ಅಣ್ಣತಮ್ಮ ಇಬ್ಬರ ಹೆಸರೂ ಇದೆ, ಇಷ್ಟು ವರ್ಷ ನಮ್ಮ ಕೈಯಲ್ಲೇ ಇತ್ತು. ಕನ್ನಡಕ ತಗೊಂಡು ಬಾ, ತೋರಿಸುತ್ತೇನೆ. ಉದ್ದನೆಯ ಕೊಳಲನ್ನೂ ತಾ, ಮಳೆ ಇಲ್ಲದಿದ್ದರೆ ತಾರಸಿಯ ಮೇಲೆ ಕೂರೋಣ. ಅಮ್ಮ ಕೂಡ ಮೇಲೆ ಬರುತ್ತಾಳೆ.

ನಿನ್ನ
ಹಾಸ್ಟೆಲಿನ ಪಕ್ಕದ ಮಂಚದವನು