‘ಮೋಸ ಹೋದರು’ ಎಂದು ಬರೆಯಬೇಡಿ

ಸಂಪಾದಕರಿಗೆ ನಮಸ್ಕಾರ.

ಫೋನ್ ವಂಚನೆಯ ಸುದ್ದಿಗಳನ್ನು ನೀವು ಬಿಡದೆ ಹಾಕುತ್ತಿದ್ದೀರಿ, ಅದು ಒಳ್ಳೆಯದೇ. ನನ್ನ ತಕರಾರು ಇರುವುದು ತಲೆಬರಹಗಳ ಬಗ್ಗೆ. ‘ಮೋಸ ಹೋದ ಶಿಕ್ಷಕಿ’, ‘ಹಣ ಕಳೆದುಕೊಂಡ ವೃದ್ಧ’. ಇದರಲ್ಲಿ ಮೋಸ ಮಾಡಿದವನು ಎಲ್ಲಿದ್ದಾನೆ? ‘ಮೋಸ ಹೋದ’ ಅಂದರೆ ತಾನಾಗಿಯೇ ಎದ್ದು ಹೋದ ಹಾಗೆ ಕೇಳಿಸುತ್ತದೆ. ‘ಕಳೆದುಕೊಂಡ’ ಅಂದರೆ ದಾರಿಯಲ್ಲಿ ಎಲ್ಲೋ ಬೀಳಿಸಿಕೊಂಡು ಬಂದ ಹಾಗೆ. ಹಳ್ಳಕ್ಕೆ ಬಿದ್ದ, ಬೇಸ್ತು ಬಿದ್ದ, ಯಾಮಾರಿದ, ಎಲ್ಲದರಲ್ಲೂ ಕೆಲಸ ಮಾಡಿದವನು ನಂಬಿದವನೇ.

ನಮ್ಮ ಚಿಕ್ಕಮ್ಮನಿಗೆ ಹೀಗೇ ಆಯಿತು. ಫೋನಿನಲ್ಲಿ ಮಾತಾಡಿದವನು ಅಧಿಕಾರಿಯ ಹಾಗೆಯೇ ಮಾತಾಡಿದ, ಅವರ ಹೆಸರು ಹೇಳಿದ, ಮಗನ ಹೆಸರೂ ಹೇಳಿದ. ಇವರು ನಂಬಿದರು. ವಿಷಯ ನಮಗೆ ಗೊತ್ತಾಗಿದ್ದು ನಾಲ್ಕು ದಿನ ಆದ ಮೇಲೆ. ಆ ನಾಲ್ಕು ದಿನವೂ ಫೋನನ್ನು ಮಗುಚಿ ಇಟ್ಟುಕೊಂಡಿದ್ದರಂತೆ, ರಿಂಗಾದರೆ ಬೆಚ್ಚಿ ಬೀಳುತ್ತಿದ್ದರಂತೆ. ಯಾಕೆ ಹೇಳಲಿಲ್ಲ ಅಂತ ಕೇಳಿದ್ದಕ್ಕೆ, ‘ಪೆದ್ದಿ ಅಂತೀರಲ್ಲ ಅಂತ ಸುಮ್ಮನಿದ್ದೆ ಕಣೋ’ ಅಂದರು. ತಕ್ಷಣ ಹೇಳಿದ್ದರೆ ಬ್ಯಾಂಕಿನಲ್ಲಿ ಹಣ ತಡೆಯಲು ಒಂದು ದಾರಿಯಾದರೂ ಇರುತ್ತಿತ್ತು. ಒಂದು ಮಾತಿನ ಭಯಕ್ಕೆ ಅದೂ ಹೋಯಿತು.

ಪೆದ್ದು, ಬೆಪ್ಪು, ಗುಗ್ಗು, ಪೆಕರ, ಇಂಥ ಮಾತು ನಮ್ಮಲ್ಲಿ ಬೇಕಾದಷ್ಟಿವೆ. ತಲೆಗೆ ಟೋಪಿ, ಹಣೆಗೆ ನಾಮ, ಕಿವಿಗೆ ಹೂವು, ಕಣ್ಣಿಗೆ ಮಣ್ಣು, ಬಾಯಿಗೆ ಚಳ್ಳೆಹಣ್ಣು. ನೋಡಿ, ಎಲ್ಲವೂ ನಂಬಿದವರ ಮುಖದ ಮೇಲೆಯೇ. ಮೋಸ ಮಾಡಿದವನನ್ನು ಕಿಲಾಡಿ, ಘಾಟಿ, ಚಾಲಾಕಿ ಅನ್ನುತ್ತೇವೆ, ಹೇಳುವಾಗ ದನಿಯಲ್ಲಿ ಒಂಚೂರು ಮೆಚ್ಚುಗೆಯೂ ಇರುತ್ತದೆ ಅಲ್ವಾ? ಇದು ನನಗೆ ತುಂಬಾ ನೋವಾಗುವ ವಿಷಯ.

ಮುಗ್ಧ ಅನ್ನೋಣವೇ ಅಂದರೆ ಅದರಲ್ಲೂ ಒಂದು ಕೊಕ್ಕೆ ಇದೆ. ಮುಗ್ಧ, ಮೂಢ ಎರಡೂ ಸಂಸ್ಕೃತದ ‘ಮುಹ್’ ಅನ್ನುವ ಒಂದೇ ಧಾತುವಿನಿಂದ ಬಂದವು, ಮೋಹವೂ ಅಲ್ಲಿಂದಲೇ. ಮಗುವಿಗೆ ಮುಗ್ಧ ಅಂದರೆ ಮುದ್ದು, ಅರವತ್ತು ದಾಟಿದವರಿಗೆ ಅಂದರೆ ತಿಳಿವಳಿಕೆ ಇಲ್ಲ ಅಂದ ಹಾಗೆ. ಹಿತ್ತಾಳೆ ಕಿವಿಯವರ ಮಾತು ಬೇರೆ. ಚಾಡಿ ನಂಬಿ ಇನ್ನೊಬ್ಬರ ಮನೆ ಹಾಳು ಮಾಡುವವರಿಗೆ ಆ ಬೈಗುಳ ಸರಿಯಾಗಿಯೇ ಇದೆ.

ನನಗೆ ಹಿಡಿಸುವುದು ‘ಭೋಳೆ’ ಅನ್ನುವ ಮಾತು. ಪೆದ್ದನಿಗೆ ಅರ್ಥವಾಗುವುದಿಲ್ಲ. ಭೋಳೆ ಮನಸ್ಸಿನವರಿಗೆ ಎಲ್ಲ ಅರ್ಥವಾಗುತ್ತದೆ, ಎದುರಿನವನ ಮೇಲೆ ಅನುಮಾನ ಮಾತ್ರ ಬರುವುದಿಲ್ಲ. ಶಿವನನ್ನೇ ನಾವು ಭೋಳೆ ಶಂಕರ ಅನ್ನುತ್ತೇವೆ. ತಲೆ ಮುಟ್ಟಿದರೆ ಬೂದಿಯಾಗುವ ವರವನ್ನು ಭಸ್ಮಾಸುರನಿಗೆ ಕೊಟ್ಟು, ಕೊನೆಗೆ ಅವನ ಕೈಯಿಂದ ತಪ್ಪಿಸಿಕೊಳ್ಳಲು ತಾನೇ ಓಡಬೇಕಾಯಿತು. ಆದರೂ ಆ ಕತೆ ಹೇಳುವಾಗ ಯಾರೂ ಶಿವನನ್ನು ಪೆದ್ದ ಅನ್ನುವುದಿಲ್ಲ. ವರ ಪಡೆದು ಕೊಟ್ಟವನ ತಲೆಗೇ ಕೈಯಿಡಲು ಹೋದವನ ಹೆಸರೇ ಇವತ್ತಿಗೂ ಬೈಗುಳ.

ಹಾಗಾಗಿ ಒಂದು ವಿನಂತಿ. ‘ಶಿಕ್ಷಕಿಗೆ ಮೋಸ ಮಾಡಿ ಹಣ ದೋಚಿದ ವಂಚಕರು’ ಅಂತ ಬರೆಯಿರಿ. ಒಂದೆರಡು ಪದ ಜಾಸ್ತಿ ಆಗಬಹುದು, ಆಗಲಿ. ‘ದುರಾಸೆಗೆ ಬಿದ್ದು’ ಅನ್ನುವುದನ್ನಂತೂ ದಯವಿಟ್ಟು ಬಿಡಿ, ಹೆದರಿಸಿ ಹಣ ಕಿತ್ತುಕೊಂಡ ಕಡೆಯಲ್ಲೂ ಅದನ್ನೇ ಬರೆದದ್ದನ್ನು ಓದಿದ್ದೇನೆ.

ಚಿಕ್ಕಮ್ಮ ದಿನವೂ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯವರೆಗೆ ಓದುವವರು. ಈಗ ಇಂಥ ಸುದ್ದಿ ಬಂದ ಪುಟ ಸಿಕ್ಕರೆ ಹಾಗೆಯೇ ಮಡಚಿ ಪಕ್ಕಕ್ಕೆ ಇಡುತ್ತಾರೆ.

ಇತಿ,
ನಿಮ್ಮ ಓದುಗ